ಗಡಿ ಸಾಹೇಬರ ಗೋರಿಯ ಹತ್ತಿರ ಕೊಟ್ಟ ಸ್ವಾಧೀನ

ಹಳ್ಳಿಗೆ ಪೊಲೀಸರು ಬಂದರೆ ಜನ ಒಳಗೆ ಹೋಗುತ್ತಿದ್ದರು, ನಾನು ಹೋದರೆ ಹೊರಗೆ ಬರುತ್ತಿದ್ದರು. ಒಲೆ ಮುಂದೆ ಕೂತ ಹೆಂಗಸರೂ ರೊಟ್ಟಿ ಹಂಚಿನ ಮೇಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಮೀನ ಯಾರ ಮನೆಗೆ ಬಂದಿದ್ದಾನೆ, ಯಾರ ಮೇಲೆ ಯಾರು ದಾವಾ ಹಾಕಿದ್ದಾರೆ, ಅದು ತಿಳಿಯುವತನಕ ಆ ಓಣಿಯಲ್ಲಿ ಯಾರಿಗೂ ಸಮಾಧಾನ ಇರುತ್ತಿರಲಿಲ್ಲ.

ಕೋರ್ಟಿನ ಅಮೀನ ಎಂದರೆ ಏನು ಕೆಲಸ ಎಂದು ಈಗಿನವರು ಕೇಳುತ್ತಾರೆ. ದಾವಾ ಬಿದ್ದಾಗ ಎದುರು ಪಕ್ಷದವರ ಮನೆ ಹುಡುಕಿ ಸಮನ್ಸ್ ಮುಟ್ಟಿಸುವವನು ಅಮೀನ. ತೀರ್ಪು ಬಂದ ಮೇಲೆ ಸೋತವರ ಕೈಯಲ್ಲಿರುವ ಮನೆಯನ್ನೋ ಹೊಲವನ್ನೋ ಗೆದ್ದವರ ಸ್ವಾಧೀನಕ್ಕೆ ಕೊಡಿಸುವವನೂ ಅವನೇ. ಜಡ್ಜರು ತೀರ್ಪು ಓದಿ ಒಳಗೆ ಹೋಗುತ್ತಾರೆ, ವಕೀಲರು ಕರಿಕೋಟು ಬಿಚ್ಚಿ ಊಟಕ್ಕೆ ಹೋಗುತ್ತಾರೆ. ಆ ತೀರ್ಪು ಒಂದು ಮನೆಯ ಹೊಸ್ತಿಲ ಹತ್ತಿರ ಹೋಗಿ ನಿಂತಾಗ ಅದರ ಜೊತೆಗೆ ಇರುವವನು ಅಮೀನ ಒಬ್ಬನೇ.

ನಾನು ಹಾಲೇಶಪ್ಪ. ಹರಿಹರದ ಕೋರ್ಟಿನಲ್ಲಿ ಸೇರಿ, ನಡುವೆ ದಾವಣಗೆರೆಯಲ್ಲೂ ಕೆಲಸ ಮಾಡಿ, ಮತ್ತೆ ಹರಿಹರಕ್ಕೆ ಬಂದು ನಿವೃತ್ತನಾದೆ. ಈಗ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಇದ್ದೇನೆ. ಬೆಳಿಗ್ಗೆ ತಿರುಗಾಡಲು ಹೋದಾಗ ಹೊಸದಾಗಿ ಸೇರಿದ ಅಮೀನರು ಒಮ್ಮೊಮ್ಮೆ ಸಿಗುತ್ತಾರೆ. ಗಾಡಿ ನಿಲ್ಲಿಸಿ, ನಿಮ್ಮ ಕಾಲದಾಗ ಹೆಂಗಿತ್ರಿ ಸರ್ ಎನ್ನುತ್ತಾರೆ. ನಿಂತ ಕಾಲಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತೆ. ಯಾವಾಗ ಬಡ್ತಿ ಬಂತು, ಯಾವಾಗ ಸಂಬಳ ಏರಿತು ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದು ಸರ್ವೀಸ್ ಪುಸ್ತಕದಲ್ಲಿದೆ, ಅಲ್ಲೇ ಇರಲಿ.

ನಾನು ಸೇರಿದಾಗ ನಮ್ಮ ಮೇಲೆ ನಾಜರ್ ಆಗಿದ್ದವರು ಗುರುಬಸಯ್ಯನವರು. ಸಮನ್ಸು, ವಾರಂಟುಗಳನ್ನೆಲ್ಲ ಅಮೀನರಿಗೆ ಹಂಚಿ, ಸಂಜೆ ಲೆಕ್ಕ ಕೇಳುವವರು ನಾಜರ್. ಹಣೆ ತುಂಬ ವಿಭೂತಿ, ಕಿಸೆಯಲ್ಲಿ ಕೆಂಪು ಮಸಿಯ ಪೆನ್ನು. ಗದರಿಸುವಾಗ ದನಿ ಏರಿಸುತ್ತಿರಲಿಲ್ಲ, ಇನ್ನಷ್ಟು ಇಳಿಸುತ್ತಿದ್ದರು. ಹತ್ತಿರ ಹೋಗಿ ಕಿವಿ ಕೊಟ್ಟು ಬೈಸಿಕೊಳ್ಳಬೇಕಾಗಿತ್ತು. ಮೊದಲ ದಿನ ನನಗೆ ಹೇಳಿದ್ದು ಒಂದೇ ಮಾತು.

"ಹಾಲೇಶಿ, ಮನೆ ಮುಂದೆ ಹೋದ ತಕ್ಷಣ ಕಾಗದ ತೆಗೀಬ್ಯಾಡ. ಮೊದ್ಲು ಕುಡಿಯಾಕ ನೀರು ಕೇಳು. ನೀರು ತಂದು ಕೊಡೋ ಹೊತ್ತಿಗೆ ಅವರಿಗೂ ಉಸಿರು ಹತೋಟಿಗೆ ಬರ್ತೈತೆ, ನಿಂಗೂ ಬರ್ತೈತೆ."

ಇದನ್ನು ನಾನು ಕೊನೆಯ ದಿನದವರೆಗೂ ಪಾಲಿಸಿದೆ. ಕಾಗದ ಕಂಡ ಕೂಡಲೇ ಬಾಗಿಲು ಹಾಕಿಕೊಳ್ಳುವವರು ಸಹ ನೀರು ಕೇಳಿದರೆ ಇಲ್ಲ ಎನ್ನುತ್ತಿರಲಿಲ್ಲ. ಬೇಸಿಗೆಯಲ್ಲಿ ಕೆಲವರು ಮಜ್ಜಿಗೆಯನ್ನೇ ಕೊಡುತ್ತಿದ್ದರು. ಮಜ್ಜಿಗೆ ಕುಡಿದು ಅವರಿಗೇ ಸಮನ್ಸ್ ಕೊಡುವುದು ಮೊದಮೊದಲು ಬಹಳ ಕಷ್ಟವಾಗುತ್ತಿತ್ತು.

ಎಡವಟ್ಟುಗಳೂ ಆಗಿವೆ. ದಾವಣಗೆರೆಯಲ್ಲಿದ್ದಾಗ ಮಾಯಕೊಂಡದ ಹನುಮಂತಪ್ಪ ಎಂಬವರಿಗೆ ಒಂದು ಸಮನ್ಸ್ ಇತ್ತು. ಹೋಗಿ ಕೇಳಿದೆ, ಮನೆ ತೋರಿಸಿದರು, ನೀರು ಕೊಟ್ಟರು, ಕಾಗದ ಕೊಟ್ಟೆ, ಅವರು ಸಹಿ ಮಾಡಿದರು. ವಿಚಾರಣೆಯ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬೀಗರು ಬಿಜ್ಜರನ್ನು ಕರೆದುಕೊಂಡು ಕೋರ್ಟಿಗೆ ಬಂದರು. ಹೆಸರು ಕೂಗಿದಾಗ ಕಟಕಟೆ ಹತ್ತಿ ಕೈ ಮುಗಿದು ನಿಂತರು. ದಾವಾ ಹಾಕಿದವನು ಅವರ ಮುಖ ನೋಡಿ, ಇವರು ಅಲ್ಲವೇ ಅಲ್ಲ ಎಂದ. ಊರಲ್ಲಿ ಇನ್ನೊಬ್ಬ ಹನುಮಂತಪ್ಪ ಇದ್ದ. ಎಲ್ಲರೂ ನಕ್ಕರು. ಆದರೆ ಈ ಹನುಮಂತಪ್ಪ ಕಟಕಟೆ ಬಿಟ್ಟು ಇಳಿಯಲಿಲ್ಲ. ಸರ್ಕಾರ ಕರೆದಿದೆ ಎಂದು ಊರಿಗೆಲ್ಲ ಹೇಳಿ ಬಂದಿದ್ದೇನೆ, ಈಗ ಏನೂ ಇಲ್ಲ ಎಂದರೆ ಯಾರು ನಂಬುತ್ತಾರೆ, ನನ್ನ ಮೇಲೆ ಏನೂ ಇಲ್ಲ ಎಂದು ಬರೆದು ಕೊಡಿ ಎಂದು ಹಟ ಹಿಡಿದರು. ಜಡ್ಜರು ಬರೆಸಿ ಕೊಟ್ಟರು. ಆಮೇಲೆ ನಾನು ಯಾವಾಗ ಮಾಯಕೊಂಡಕ್ಕೆ ಹೋದರೂ ಅವರ ಮನೆಯಲ್ಲೇ ಊಟ. ಬಂದವರಿಗೆಲ್ಲ "ಇವ್ರು ನಮ್ಮ ತಪ್ಪು ಸಮನ್ಸಿನ ಅಮೀನರು" ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಆಗ ಸೈಕಲ್ ಮೇಲೆ ತಿರುಗಾಟ. ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಕೂಗು ಕೇಳಿ ಮನೆ ಬಿಡುತ್ತಿದ್ದೆ. ಈಗ ಆ ಕೂಗು ಇಲ್ಲ. ಹೊಲ ಜಪ್ತಿ ಮಾಡುವಾಗ ಹಲಗೆ ಬಾರಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಊರಲ್ಲಿ ಸಾರಬೇಕಿತ್ತು. ಬದುವಿನ ಮೇಲೆ ನಿಂತು ಹಲಗೆ ಬಾರಿಸಿದರೆ ಪಕ್ಕದ ಹೊಲದವರು ಕುಂಟೆ ನಿಲ್ಲಿಸಿ ನೋಡುತ್ತಿದ್ದರು. ಆಮೇಲಾಮೇಲೆ ನೋಟೀಸು ಗೋಡೆಗೆ ಅಂಟಿಸುವುದೇ ಹೆಚ್ಚಾಯಿತು. ಈಗ ಮೊಬೈಲಿಗೇ ಬರುತ್ತದಂತೆ. ಹೋಗಿಬರುವ ಶ್ರಮ ತಪ್ಪಿತು, ಒಳ್ಳೆಯದೇ. ಆದರೆ ಮೊಬೈಲಿಗೆ ಬಂದ ನೋಟೀಸನ್ನು ಓದುವವರ ಮುಖ ಯಾರೂ ನೋಡುವುದಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಹರಿಹರದಲ್ಲಿ ಗುಡಿ ದಾಟಿ, ಹೊಳೆ ದಂಡೆ ಹಿಡಿದು ಸ್ವಲ್ಪ ದೂರ ಹೋದರೆ ಒಂದು ಹೊಲದಲ್ಲಿ ಹಳೆಯ ಗೋರಿ ಇದೆ. ಕಲ್ಲಿನ ಕಟ್ಟೆ, ಅದರ ಮೇಲೆ ತುದಿ ಸಣ್ಣದಾಗುತ್ತ ಹೋಗುವ ಗಾರೆಯ ಗೋಪುರ. ಮೊದಲ ಸಲ ಅದನ್ನು ನೋಡಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಬಜಾರಿನ ಇಬ್ಬರು ಅಂಗಡಿಯವರಿಗೆ ನಡುಗೋಡೆಯ ಜಗಳ ಇತ್ತು. ಒಬ್ಬನಿಗೆ ಸಮನ್ಸ್ ಕೊಡಲು ಹೋದಾಗ ಅಂಗಡಿ ಮುಚ್ಚಿತ್ತು. ಇಬ್ಬರೂ ಗಡಿ ಸಾಹೇಬರ ಹತ್ತಿರ ಹೋಗಿದ್ದಾರೆ ಎಂದರು. ಯಾರೋ ದೊಡ್ಡ ಅಧಿಕಾರಿ ಇರಬೇಕು ಎಂದುಕೊಂಡು ದಾರಿ ಕೇಳಿಕೊಂಡು ಹೋದೆ. ನೋಡಿದರೆ ಇಬ್ಬರೂ ಚಪ್ಪಲಿ ಬಿಟ್ಟು ಗೋರಿಯ ಮೇಲೆ ಕೈ ಇಟ್ಟು ನಿಂತಿದ್ದರು. ಒಬ್ಬ, ಗೋಡೆ ನಮ್ಮ ತಾತ ಕಟ್ಟಿಸಿದ್ದು ನಾನು ಕಂಡಿದ್ದೇನೆ ಎಂದು ಆಣೆ ಮಾಡಿದ. ಇನ್ನೊಬ್ಬ ಸರಿ ಎಂದ. ಮುಂದಿನ ವಾರ ದಾವಾ ವಾಪಸ್ ಆಯಿತು. ನನ್ನ ಸಮನ್ಸ್ ನನ್ನ ಕೈಯಲ್ಲೇ ಉಳಿಯಿತು.

ಆ ಹೊಲದ ಅಂಚಿಗೆ ಹೆಂಚಿನ ಸಣ್ಣ ಮನೆ. ಅಲ್ಲಿದ್ದವಳು ಮಾಬೂಬಿ, ಜನ ಮಾಬವ್ವ ಎನ್ನುತ್ತಿದ್ದರು. ಗಂಡ ಇಮಾಂಸಾಬ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ಅವನು ತೀರಿಕೊಂಡ ಮೇಲೆ ಅವಳು ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿದು ಜೀವನ ಮಾಡುತ್ತಿದ್ದಳು. ಒಬ್ಬಳೇ ಮಗಳು ಶಮೀಮಾಳನ್ನು ದಾವಣಗೆರೆಗೆ ಮದುವೆ ಮಾಡಿ ಕೊಟ್ಟಿದ್ದಳು. ಗೋರಿ ಗುಡಿಸುವುದು, ಶುಕ್ರವಾರ ಲೋಬಾನದ ಹೊಗೆ ಹಾಕುವುದು ಆ ಮನೆಯವರ ಕೆಲಸ. ನೀರು ಕೇಳಿದೆ, ತಂಬಿಗೆ ತುಂಬ ತಂದಳು. ಸಾಹೇಬರ ಕಥೆ ಹೇಳಿದವಳೂ ಅವಳೇ.

ಸಾಹೇಬರು ಕಂಪನಿ ಸರ್ಕಾರದ ಫೌಜಿನಲ್ಲಿ ಸಿಪಾಯಿಯಾಗಿ ಬಂದ ಬಿಳಿಯರಂತೆ. ಯಾವುದೋ ಜಗಳದಲ್ಲಿ ಕಾಲಿಗೆ ಗುಂಡು ಬಿತ್ತು. ಫೌಜು ಮುಂದೆ ಹೋಯಿತು, ಇವರು ಇಲ್ಲೇ ಉಳಿದರು. ಆಗ ಹೊಳೆಯ ಈ ದಂಡೆ ಮೈಸೂರು ಸೀಮೆ, ಆಚೆ ದಂಡೆ ಬೇರೆಯವರ ಆಡಳಿತ. ಈ ಕಡೆ ದನ ಕದ್ದವರು ಆ ಕಡೆಗೆ ಈಜಿ ಹೋದರೆ ಹಿಡಿಯುವವರು ಇರಲಿಲ್ಲ. ಎರಡೂ ಕಡೆಯ ತಕರಾರು ಕೇಳಲು ಈ ಕುಂಟು ಸಿಪಾಯಿಯನ್ನೇ ನ್ಯಾಯಾಧೀಶ ಮಾಡಿದರಂತೆ. ಹುಣಸೆ ಮರದ ಕೆಳಗೆ ಕುರ್ಚಿ ಹಾಕಿ ಕೂಡುತ್ತಿದ್ದರು. ಕನ್ನಡ ಕಲಿತಿದ್ದರು, ಆದರೆ ಬಹುವಚನ ಕಲಿಸುವವರು ಸಿಕ್ಕಿರಲಿಲ್ಲ. ಗೌಡನಿಗೂ ಬಾರೋ, ಕುದುರೆಗೂ ಬಾರೋ. ಯಾರಾದರೂ ಸುಳ್ಳು ಹೇಳುತ್ತಿದ್ದಾರೆ ಎನಿಸಿದರೆ ಬೈಯುತ್ತಿರಲಿಲ್ಲ, ಮುಖ ತಿರುಗಿಸಿ ಹೊಳೆ ನೋಡುತ್ತ ಕೂಡುತ್ತಿದ್ದರು. ಎದುರಿಗಿದ್ದವನು ತಾನಾಗಿ ನಿಜ ಹೇಳುವತನಕ ಆ ಕಡೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅವರ ಕುದುರೆ ನೋಡಿಕೊಳ್ಳುತ್ತಿದ್ದವನು ಇಮಾಂಸಾಬನ ಹಿರೀಕ. ಸಾಯುವಾಗ ಸಾಹೇಬರು ಆ ಮನೆ ಜಾಗವನ್ನು ಅವನಿಗೆ ಕೊಟ್ಟರು ಎಂದು ಅವಳ ಮಾತು.

ಇದರಲ್ಲಿ ಎಷ್ಟು ನಿಜ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೋರಿಯ ಮೇಲೆ ಇಂಗ್ಲಿಷ್ ಬರಹದ ಕಲ್ಲು ಇತ್ತು. ಆ ದಿನಗಳಲ್ಲಿ ನಮಗೆ ಒಬ್ಬ ಯುವಕ ಜಡ್ಜರು ಬಂದಿದ್ದರು. ಕರಾವಳಿ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ, ಭಾನುವಾರ ಹೊತ್ತು ಹೋಗುತ್ತಿರಲಿಲ್ಲ. ಗೋರಿಯ ಮುಂದೆ ದಾವಾ ಇತ್ಯರ್ಥವಾಗುವ ಸುದ್ದಿ ಕೇಳಿ, ನನ್ನನ್ನೊಮ್ಮೆ ಕರೆದುಕೊಂಡು ಹೋಗಿ ಎಂದರು. ನಾನು ಆಗತಾನೇ ಮೊಪೆಡ್ ಕೊಂಡಿದ್ದೆ. ಜಡ್ಜರನ್ನು ಹಿಂದೆ ಕೂಡಿಸಿಕೊಂಡು ಬಜಾರ್ ದಾಟುವಾಗ ನನಗೆ ಬೆವರು. ಅವರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆರಳಾಡಿಸಿ ಓದಿದರು. ಹೆಸರಿದ್ದ ಜಾಗದಲ್ಲಿ ಕಲ್ಲಿನ ಚಕ್ಕೆ ಎದ್ದು ಹೋಗಿತ್ತು. ಮೊದಲು ಸೈನಿಕ, ನಂತರ ಈ ಗಡಿಯಲ್ಲಿ ನ್ಯಾಯಾಧೀಶ, ತಾನು ಆರಿಸಿಕೊಂಡ ಜನರ ನಡುವೆ ಇಲ್ಲಿ ಮಲಗಿದ್ದಾನೆ, ಇಷ್ಟೇ ಓದಲು ಬಂತು. ಜಡ್ಜರು ಎದ್ದು ಮೊಣಕಾಲಿನ ಮಣ್ಣು ಜಾಡಿಸಿಕೊಂಡರು.

"ನೋಡಿ ಹಾಲೇಶಪ್ಪ, ನಮಗೆಲ್ಲ ವರ್ಗ ಆಗ್ತದೆ. ಇವರೊಬ್ಬರಿಗೆ ಆಗ್ಲಿಲ್ಲ" ಎಂದರು.

ಅವರಿಗೂ ವರ್ಗವಾಯಿತು. ನಾನು ದಾವಣಗೆರೆಗೆ ಹೋದೆ. ಕೆಲವು ವರ್ಷದ ನಂತರ ಮತ್ತೆ ಹರಿಹರಕ್ಕೆ ಬಂದಾಗ ಗುರುಬಸಯ್ಯನವರ ತಲೆ ಪೂರ್ತಿ ಬೆಳ್ಳಗಾಗಿತ್ತು, ನಿವೃತ್ತಿ ಹತ್ತಿರ ಬಂದಿತ್ತು. ಒಂದು ದಿನ ಕರೆದು ಒಂದು ಸ್ವಾಧೀನ ವಾರಂಟ್ ಕೈಗೆ ಕೊಟ್ಟರು. ಓದಿದೆ. ಗೆದ್ದವನು ರುದ್ರಪ್ಪ, ಗೋರಿ ಇರುವ ಹೊಲದ ಯಜಮಾನ. ಸೋತವಳು ಮಾಬೂಬಿ.

ರುದ್ರಪ್ಪನನ್ನು ನಾನು ಬಲ್ಲೆ. ಮಾತು ಕಡಿಮೆ, ಕೆಟ್ಟವನಲ್ಲ. ಅವನಪ್ಪ ಆ ಹೊಲ ಕೊಂಡಿದ್ದ. ಅಪ್ಪ ಇರುವತನಕ ಅಂಚಿನ ಮನೆಯ ಬಗ್ಗೆ ಯಾರೂ ಮಾತಾಡಿರಲಿಲ್ಲ. ಅಪ್ಪ ಹೋದ ಮೇಲೆ ರುದ್ರಪ್ಪನಿಗೂ ಅವನ ತಮ್ಮ ಬಸವರಾಜನಿಗೂ ಪಾಲು ಆಗಬೇಕಾಯಿತು. ಬಸವರಾಜ ಚುರುಕು ಮನುಷ್ಯ. ಹೊಲ ಪೂರ್ತಿ ಕೈಗೆ ಬರದೆ ಪಾಲು ಬೇಡ ಎಂದು ಕೂತ. ಅವನ ಒತ್ತಾಯಕ್ಕೆ, ಹಿರಿಯನೆಂದು ರುದ್ರಪ್ಪನ ಹೆಸರಲ್ಲಿ ದಾವಾ ಬಿತ್ತು. ಜಾಗ ಸಾಹೇಬರು ಕೊಟ್ಟದ್ದು ಎಂದು ತೋರಿಸಲು ಮಾಬವ್ವನ ಹತ್ತಿರ ಏನೂ ಇರಲಿಲ್ಲ. ತೀರ್ಪು ಅವಳ ವಿರುದ್ಧ ಆಯಿತು. ಅದರಲ್ಲಿ ಕೋರ್ಟಿನ ತಪ್ಪೇನಿಲ್ಲ, ಇದ್ದ ಪುರಾವೆಗೆ ಬೇರೆ ತೀರ್ಪು ಬರುತ್ತಲೂ ಇರಲಿಲ್ಲ.

ಬೇರೆ ಅಮೀನರಿಗೆ ಕೊಡಲು ಆಗುತ್ತದೆಯೇ ಎಂದು ಗುರುಬಸಯ್ಯನವರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದನಿ ಬಹಳ ಇಳಿಯಿತು.

"ಬೇರೆಯವ್ರು ಹೋದ್ರೆ ಆಯಮ್ಮನ ಪಾತ್ರೆ ಪಗಡೆ ಬೀದಿಗೆ ಎಸೀತಾರೆ. ನೀನು ಹೋದ್ರೆ ಎತ್ತಿ ಇಡ್ತೀಯ. ಅದಕ್ಕೇ ನಿಂಗೆ ಕೊಟ್ಟಿದ್ದು."

ಗೊತ್ತಾದ ದಿನ ಬೆಳಿಗ್ಗೆ ಹೋದೆವು. ಒಬ್ಬ ಪೊಲೀಸ್ ಪೇದೆ, ಸಾಕ್ಷಿಗೆ ಇಬ್ಬರು ಪಂಚರು, ರುದ್ರಪ್ಪ, ಬಸವರಾಜ, ನಾನು. ಬೀಗ ಒಡೆಯಬೇಕಾದೀತು ಎಂದು ಬಸವರಾಜ ಸುತ್ತಿಗೆ ತಂದಿದ್ದ. ಬೇಕಾಗಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗಿನ ಸಾಮಾನನ್ನೆಲ್ಲ ಮಾಬವ್ವ ತಾನೇ ಹೊರಗೆ ತಂದು ಬೇವಿನ ಮರದ ಕೆಳಗೆ ಜೋಡಿಸಿಟ್ಟಿದ್ದಳು. ಎರಡು ಟ್ರಂಕು, ಪಾತ್ರೆಗಳು, ಅರ್ಧ ಹೊಲಿದ ಕೌದಿ. ಬಟ್ಟೆಯ ಗಂಟೊಂದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಅಂಥ ಹೊತ್ತಲ್ಲಿ ಅಳುವವರನ್ನು ನೋಡಿದ್ದೇನೆ, ಮಣ್ಣು ತೂರಿ ಶಾಪ ಹಾಕುವವರನ್ನು ನೋಡಿದ್ದೇನೆ, ಬಾಗಿಲಿಗೆ ಅಡ್ಡ ಮಲಗುವವರನ್ನು ನೋಡಿದ್ದೇನೆ. ಹೀಗೆ ಮೊದಲೇ ಸಿದ್ಧವಾಗಿ ಕೂತವರನ್ನು ನೋಡಿರಲಿಲ್ಲ. ನಾನು ವಾರಂಟ್ ಓದಿ ಹೇಳಿದೆ. ಅವಳು ಕೊನೆಯತನಕ ಕೇಳಿಸಿಕೊಂಡಳು.

"ಆತು ಅಮೀನಪ್ಪ, ಹೊರಡ್ತೀನಿ. ಒಂದೇ ಒಂದು ಐತೆ. ಕೋರ್ಟಿನಾಗ ವಕೀಲರು ಮಾತಾಡಿದ್ರು. ರುದ್ರಪ್ಪ ನನ್ನ ಮುಂದೆ ನಿಂತು ಒಂದು ಮಾತೂ ಆಡಿಲ್ಲ. ಸಾಹೇಬ್ರ ಗೋರಿ ಮುಟ್ಟಿ, ‘ಮಾಬವ್ವ, ಈ ಮನೆ ನಂದು’ ಅಂತ ಅವ್ನು ಅನ್ಲಿ. ನಾನು ಹಿಂದೆ ತಿರುಗಿ ನೋಡಲ್ಲ."

ಬಸವರಾಜ ಸಿಟ್ಟಾದ. ಕೋರ್ಟು ಹೇಳಿದ ಮೇಲೆ ಗೋರಿಯನ್ನು ಏನು ಕೇಳುವುದು, ಬಿಸಿಲು ಏರುತ್ತಿದೆ, ಬೇಗ ಮುಗಿಸಿ ಎಂದ. ರುದ್ರಪ್ಪ ನನ್ನ ಕಡೆ ನೋಡಿದ. ಇದು ನನ್ನ ವಾರಂಟಿನಲ್ಲಿ ಇಲ್ಲ, ಮಾಡಿ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ನನಗೆ ಅಧಿಕಾರ ಇಲ್ಲ, ಬೇಕಾದರೆ ಸ್ವಲ್ಪ ಹೊತ್ತು ಕಾಯುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಅವನು ಹೋಗಿ ಆಣೆ ಮಾಡಿಬಿಟ್ಟರೆ ಸಾಕು ಎನಿಸಿತ್ತು. ಅವಳು ಸಮಾಧಾನದಿಂದ ಹೊರಟರೆ ನನ್ನ ಕೆಲಸವೂ ಹಗುರವಾಗುತ್ತಿತ್ತು.

ರುದ್ರಪ್ಪ ಚಪ್ಪಲಿ ಬಿಟ್ಟ. ಗೋರಿಯ ಕಟ್ಟೆ ಹತ್ತಿ ಕಲ್ಲಿನ ಮೇಲೆ ಅಂಗೈ ಊರಿದ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಅಲ್ಲೇ ನಿಂತ. ಪೇದೆ ಟೋಪಿ ತೆಗೆದು ಗಾಳಿ ಹಾಕಿಕೊಂಡ. ಪಂಚರಲ್ಲಿ ಒಬ್ಬ ಕೆಮ್ಮಿದ. ಮಾಬವ್ವ ರುದ್ರಪ್ಪನ ಮುಖ ನೋಡುವುದು ಬಿಟ್ಟು ಹೊಳೆ ಕಡೆ ತಿರುಗಿ ಕೂತಳು. ನಾವೆಲ್ಲರೂ ಆ ಕಡೆಗೇ ನೋಡುತ್ತ ನಿಂತೆವು. ಹೊಳೆಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳು ಎದ್ದು ಕಾಣುತ್ತಿದ್ದವು.

ಕೊನೆಗೆ ಬಸವರಾಜನೇ ತಡೆಯಲಾರದೆ, ಅಷ್ಟು ಹೇಳಲು ಏನಣ್ಣ ಎಂದ. ರುದ್ರಪ್ಪ ಕೈ ತೆಗೆಯದೆ ಉತ್ತರ ಕೊಟ್ಟ.

"ಅಪ್ಪ ಕೊಂಡಾನೆ ಅಂತ ಕೇಳೀನಿ ಬಸಣ್ಣ. ಕೊಂಡಿದ್ದರಾಗ ಈ ಮನೆ ಇತ್ತೋ ಇಲ್ಲೋ ನಾ ಕಂಡಿಲ್ಲ. ನಾ ಹುಟ್ಟಿದಾಗಿಂದ ಇವ್ರು ಇಲ್ಲೇ ಅದಾರೆ. ಕಂಡಿಲ್ಲದ್ದನ್ನ ಹೆಂಗೆ ಆಣೆ ಮಾಡ್ಲಿ?"

ರುದ್ರಪ್ಪ ಮಾಬವ್ವನ ಕಡೆ ತಿರುಗಿದ.

"ನೀನಾದ್ರೂ ಕಂಡೀಯೇನವ್ವ, ಸಾಹೇಬ್ರು ಕೊಟ್ಟಿದ್ದು?"

ಅವಳು ಎದ್ದು ಹೋಗಿ ಬಾಯಲ್ಲಿದ್ದ ಎಲೆ ಉಗಿದು ಬಂದು ಕೂತಳು. "ಇಲ್ಲಪ್ಪ. ನಮ್ಮ ಅತ್ತೆ ಹೇಳ್ತಿದ್ಲು. ಅವಳಿಗೆ ಅವಳ ಅತ್ತೆ ಹೇಳಿದ್ದಳಂತೆ."

ವರ್ಷಗಟ್ಟಲೆ ನಡೆದ ದಾವಾದಲ್ಲಿ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ಇಬ್ಬರಿಗೂ ಗೊತ್ತಿರಲಿಲ್ಲ. ಹಿರಿಯರು ಹೇಳಿದ್ದನ್ನು ಕೇಳಿಕೊಂಡು ಬಂದಿದ್ದರು, ಅಷ್ಟೇ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಕೂಡಲೂ ಆಗಲಿಲ್ಲ. ಕಾಗದ ಕೈಯಲ್ಲಿತ್ತು, ಅದರಲ್ಲಿ ಬರೆದದ್ದನ್ನು ನಾನು ಮಾಡಲೇಬೇಕಿತ್ತು.

ರುದ್ರಪ್ಪ ಇನ್ನೊಂದು ಕೈಯನ್ನೂ ಕಲ್ಲಿನ ಮೇಲೆ ಇಟ್ಟ. ಇದು ನನ್ನದು ಎಂದು ಆಣೆ ಮಾಡಲು ನನ್ನಿಂದ ಆಗುವುದಿಲ್ಲ, ಮಾಡಲು ಆಗುವುದನ್ನು ಮಾಡುತ್ತೇನೆ ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ:

"ಮಾಬವ್ವ ಬದುಕಿರೋ ತನಕ ಈ ಮನೆಯಿಂದ ನಾ ಎಬ್ಬಿಸಲ್ಲ. ನನ್ನ ಮಕ್ಕಳೂ ಎಬ್ಬಿಸಲ್ಲ. ಸಾಹೇಬ್ರ ಆಣೆ."

ಅವಳು ಎದ್ದು ಸೀರೆ ಜಾಡಿಸಿಕೊಂಡು, ಕಟ್ಟೆ ಹತ್ತಲಾರದೆ ಕೆಳಗಿನಿಂದಲೇ ಕಲ್ಲು ಮುಟ್ಟಿದಳು. ತಾನು ಕಣ್ಣು ಮುಚ್ಚಿದ ಮೇಲೆ ತನ್ನ ಮಗಳು ಈ ಮನೆ ತನ್ನದು ಎನ್ನುವುದಿಲ್ಲ ಎಂದು ಅವಳೂ ಆಣೆ ಮಾಡಿದಳು. ಬಸವರಾಜ ಸುತ್ತಿಗೆಯನ್ನು ಅಲ್ಲೇ ಬಿಟ್ಟು ಸೈಕಲ್ ಹತ್ತಿ ಹೊರಟುಹೋದ.

ಉಳಿದದ್ದು ನನ್ನ ಕೆಲಸ. ರುದ್ರಪ್ಪನನ್ನು ಮನೆಯ ಒಳಗೆ ಕರೆದುಕೊಂಡು ಹೋಗಿ, ಖಾಲಿ ಮನೆ ತೋರಿಸಿ, ಸ್ವಾಧೀನ ಕೊಟ್ಟಿದ್ದೇನೆ ಎಂದು ಹೇಳಿ ಮಹಜರು ಬರೆದೆ. ಅವನು ಸಹಿ ಮಾಡಿದ, ಪಂಚರು ಸಹಿ ಮಾಡಿದರು. ಆಮೇಲೆ ರುದ್ರಪ್ಪ ಹೊರಗೆ ಬಂದು ಒಂದು ಟ್ರಂಕು ಎತ್ತಿಕೊಂಡು ಮತ್ತೆ ಒಳಗೆ ಹೋದ. ಇನ್ನೊಂದನ್ನು ನಾನು ಎತ್ತಿದೆ. ಪೇದೆ ನೋಡುತ್ತ ನಿಂತಿದ್ದವನು ಪಾತ್ರೆಗಳ ಬುಟ್ಟಿ ತೆಗೆದುಕೊಂಡ. ಜೀವಮಾನವೆಲ್ಲ ಸಾಮಾನು ಹೊರಗೆ ಇಡಿಸಿದವನು ನಾನು, ಒಳಗೆ ಇಟ್ಟದ್ದು ಅದೊಂದೇ ಸಲ.

ಸಂಜೆ ವರದಿ ಕೊಟ್ಟೆ. ಗುರುಬಸಯ್ಯನವರು ಎರಡು ಸಲ ಓದಿದರು. ಆಯಮ್ಮ ಈಗ ಎಲ್ಲಿ ಎಂದು ಕೇಳಿದರು. ಅಲ್ಲೇ ಅದಾಳ್ರಿ ಎಂದೆ. ಸ್ವಾಧೀನ ಕೊಟ್ಟಿದ್ದು ನಿಜವೇ ಎಂದರು. ನಿಜ, ಕೊಟ್ಟ ಮೇಲೆ ಯಜಮಾನರು ತಮ್ಮ ಮನೆಗೆ ತಾವೇ ಅವಳನ್ನು ಕರೆದುಕೊಂಡರು ಎಂದೆ. ಕೆಂಪು ಮಸಿಯಿಂದ ಸಹಿ ಮಾಡಿ, ನಾಳೆಯ ಸಮನ್ಸುಗಳನ್ನು ನನ್ನ ಕಡೆ ತಳ್ಳಿದರು. ಅವರು ನನ್ನ ಮುಖ ನೋಡಿ ನಕ್ಕದ್ದು ಅಷ್ಟು ವರ್ಷದಲ್ಲಿ ಒಂದೋ ಎರಡೋ ಸಲ. ಅವತ್ತು ನಕ್ಕರು.

ಆಣೆ ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ. ಬಸವರಾಜ ಅಣ್ಣನ ಜೊತೆ ಮಾತು ಬಿಟ್ಟ. ಕೊನೆಗೆ ಪಾಲು ಆದಾಗ ಗೋರಿಯೂ ಮನೆಯೂ ಇರುವ, ಹೊಳೆಯ ಕಲ್ಲು ಹೆಚ್ಚಿರುವ ಭಾಗವನ್ನು ರುದ್ರಪ್ಪ ತಾನೇ ಇಟ್ಟುಕೊಂಡು, ಬಾವಿ ಇರುವ ಭಾಗವನ್ನು ತಮ್ಮನಿಗೆ ಬಿಟ್ಟ. ಅವನ ಹೆಂಡತಿ ಬಹಳ ದಿನ ಇದಕ್ಕೆ ಬೇಸರ ಮಾಡಿಕೊಂಡಿದ್ದಳು ಎಂದು ಕೇಳಿದ್ದೇನೆ. ಬಿಡುವು ಸಿಕ್ಕಾಗಲೆಲ್ಲ ನಾನು ಆ ಕಡೆ ಸುತ್ತಿ ಬರುತ್ತಿದ್ದೆ. ಮಾಬವ್ವ ಕೌದಿ ಹೊಲಿಯುತ್ತ ಕೂತಿರುತ್ತಿದ್ದಳು. ನನ್ನ ಮಗಳ ಮದುವೆಗೆ ಒಂದು ಕೌದಿ ಹೊಲಿದು ಕೊಟ್ಟಳು, ಅದು ಇನ್ನೂ ನಮ್ಮ ಮನೆಯಲ್ಲಿದೆ. ಆಮೇಲೆ ಅವಳ ಕಣ್ಣು ಮಂಜಾದವು, ಸೂಜಿಗೆ ದಾರ ಪೋಣಿಸಲು ದಾರಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದಳು.

ನಾನು ನಿವೃತ್ತನಾದ ಮೇಲೆ, ಮೊನ್ನೆ ಮೊನ್ನೆ, ಅವಳು ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಸ್ವಲ್ಪ ದಿನದ ಮೇಲೆ ರುದ್ರಪ್ಪನ ಫೋನು ಬಂತು. ಅವನಿಗೂ ಈಗ ವಯಸ್ಸಾಗಿದೆ. ಶಮೀಮಾ ಬರುತ್ತಾಳಂತೆ, ಮನೆ ಬಿಟ್ಟುಕೊಡುತ್ತಾಳಂತೆ, ನೀವು ಒಂದು ಹೆಜ್ಜೆ ಬನ್ನಿ ಎಂದ. ನಾನೀಗ ಅಮೀನನಲ್ಲ, ನಾನು ಬಂದು ಏನು ಮಾಡಲಿ ಎಂದೆ. ಸುಮ್ಮನೆ ಬನ್ನಿ, ಒಬ್ಬನೇ ಹೋಗಲು ಆಗುತ್ತಿಲ್ಲ ಎಂದ.

ಬಸ್ಸು ಹತ್ತಿ ಹೋದೆ. ಶಮೀಮಾ ನಮಗಿಂತ ಮೊದಲೇ ಬಂದಿದ್ದಳು. ಮನೆ ಖಾಲಿ ಮಾಡಿ, ನೆಲ ಸಾರಿಸಿ, ಒಲೆಯ ಬೂದಿಯನ್ನೂ ತೆಗೆದಿದ್ದಳು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನೋಡಿಕೊಳ್ಳಿ ಕಾಕಾ ಎಂದು ರುದ್ರಪ್ಪನಿಗೆ ಹೇಳಿ ಬಾಗಿಲಿನಿಂದ ಸರಿದು ನಿಂತಳು. ವಾರಂಟ್ ಇಲ್ಲ, ಪೇದೆ ಇಲ್ಲ, ಪಂಚರಿಲ್ಲ. ಅವಳ ಅಮ್ಮ ಆಡಿದ ಮಾತೊಂದೇ.

ರುದ್ರಪ್ಪ ಹೊಸ್ತಿಲತನಕ ಹೋದ. ಒಳಗೆ ಕಾಲಿಡಲಿಲ್ಲ. ಅಲ್ಲಿಂದಲೇ ಒಳಗೆ ಇಣುಕಿ ನೋಡಿ ಹಿಂದೆ ಬಂದ. ಶಮೀಮಾ ಚೀಲ ಹೆಗಲಿಗೆ ಹಾಕಿಕೊಂಡಳು, ದಾವಣಗೆರೆ ಬಸ್ಸಿಗೆ ಹೊತ್ತಾಗುತ್ತದೆ ಎಂದಳು. ಅವಳು ನಾಲ್ಕು ಹೆಜ್ಜೆ ಹೋಗಿದ್ದಳೋ ಇಲ್ಲವೋ, ರುದ್ರಪ್ಪ ಕರೆದ.

"ಶಮೀಮಾ, ನಿಲ್ಲವ್ವ. ಶುಕ್ರವಾರ ನಿಮ್ಮಮ್ಮ ಸಾಹೇಬ್ರಿಗೆ ಏನೇನು ಮಾಡ್ತಿದ್ಲು? ನಂಗೆ ಸರಿಯಾಗಿ ಗೊತ್ತಿಲ್ಲ. ತೋರಿಸಿ ಹೋಗು."

ಅವಳು ಚೀಲ ಇಳಿಸಿ, ಗೋಡೆಗೆ ಒರಗಿಸಿಟ್ಟಿದ್ದ ಪೊರಕೆ ತಂದಳು. ಮೊದಲು ತಲೆಯ ಕಡೆಯಿಂದ ಗುಡಿಸಬೇಕು, ಕಾಲ ಕಡೆಯಿಂದ ಶುರು ಮಾಡಬಾರದು ಎಂದಳು. ಕಲ್ಲಿನ ಮೇಲಿನ ಅಕ್ಷರಗಳ ಸಂದಿಯಲ್ಲಿ ಮಣ್ಣು ಕೂತಿರುತ್ತದೆ, ಅದನ್ನು ಬಟ್ಟೆಯಿಂದ ಒರೆಸಬೇಕು, ಉಗುರಿನಿಂದ ಕೆರೆಯಬಾರದು. ಲೋಬಾನ ಎಲ್ಲಿ ಇಡಬೇಕು, ಹೂವು ಎಲ್ಲಿ ಹಾಕಬೇಕು, ಎಲ್ಲ ತೋರಿಸಿದಳು. ರುದ್ರಪ್ಪ ಪಂಚೆ ಎತ್ತಿ ಕಟ್ಟಿ, ಪೊರಕೆ ಈಸಿಕೊಂಡು, ಮೊಣಕಾಲು ನೋವಿಗೆ ಒಂದು ಕೈಯಿಂದ ಕಟ್ಟೆ ಹಿಡಿದುಕೊಂಡು, ತಲೆಯ ಕಡೆಯಿಂದ ಗುಡಿಸಲು ಶುರು ಮಾಡಿದ. ಅವಳು ಪಕ್ಕದಲ್ಲಿ ನಿಂತು, ಅಲ್ಲೊಂದಿಷ್ಟು ಎಲೆ ಉಳಿದವು ನೋಡ್ರಿ ಕಾಕಾ ಎಂದು ತೋರಿಸುತ್ತಿದ್ದಳು.